ಔಷಧಿ ಅಂಗಡಿಯಲ್ಲಿ ಸಿಕ್ಕ ಶರಬತ್ತು

ಓದುಗರ ಪತ್ರದ ಸಾರ: ಮೂರು ವರ್ಷದ ಮೊಮ್ಮಗಳಿಗೆ ವಾಂತಿಭೇದಿಯಾದಾಗ ಔಷಧಿ ಅಂಗಡಿಗೆ ಹೋಗಿ ಒಆರ್‌ಎಸ್ ಕೇಳಿದೆ. ಕಿತ್ತಳೆ ಚಿತ್ರವಿದ್ದ, ಸ್ಟ್ರಾ ಅಂಟಿಸಿದ್ದ ಪೊಟ್ಟಣ ಕೊಟ್ಟರು. ಕುಡಿಸಿದಷ್ಟೂ ಭೇದಿ ಹೆಚ್ಚಾಯಿತು. ಇದು ಒಆರ್‌ಎಸ್ ಅಲ್ಲ, ಬರೀ ಸಕ್ಕರೆ ನೀರು ಎಂದು ಆಸ್ಪತ್ರೆಯಲ್ಲಿ ವೈದ್ಯರು ಹೇಳಿದರು. ಮಗು ಈಗ ಚೆನ್ನಾಗಿದೆ. ‘ಲೇಬಲ್ ಓದಿ ಕೊಳ್ಳಿ’ ಎಂದು ನಿಮ್ಮ ಪತ್ರಿಕೆ ಉಪದೇಶ ಮಾಡುತ್ತಿರುತ್ತದೆ. ಔಷಧಿ ಅಂಗಡಿಯವರು ಕೊಟ್ಟದ್ದು ಔಷಧಿಯಲ್ಲ ಎಂದು ನಾನು ತಿಳಿಯುವುದು ಹೇಗೆ? ಸರ್ಕಾರ ಇದನ್ನು ನಿಲ್ಲಿಸಿದೆ ಎಂದು ಓದಿದ ನೆನಪು. ಹಾಗಿದ್ದರೆ ಅಂಗಡಿಯಲ್ಲಿ ಹೇಗಿತ್ತು? ದೂರು ಯಾರಿಗೆ ಕೊಡಬೇಕು? ಕಂಪನಿಯ ಹೆಸರನ್ನು ಅಚ್ಚು ಹಾಕುವ ಧೈರ್ಯ ನಿಮಗಿದೆಯೇ?
– ನಿವೃತ್ತ ಶಿಕ್ಷಕರು, ಶಿರಸಿ

ಸಂಪಾದಕರ ಉತ್ತರ:

ಮಾನ್ಯರೇ,

ಮೊಮ್ಮಗಳು ಚೇತರಿಸಿಕೊಂಡದ್ದು ಸಮಾಧಾನದ ಸಂಗತಿ. ಪತ್ರದ ಜೊತೆ ಪೊಟ್ಟಣದ ನಾಲ್ಕೂ ಬದಿಯ ಚಿತ್ರ ಕಳುಹಿಸಿದ್ದೀರಿ. ಉತ್ತರ ಬರೆಯಲು ಅದರಿಂದ ಬಹಳ ಅನುಕೂಲವಾಯಿತು.

ಚಿತ್ರದಲ್ಲಿ ಕಾಣುವುದು ಇಷ್ಟು. ಮುಂಬದಿಯಲ್ಲಿ ಒಆರ್‌ಎಸ್ ಎಂಬ ಮೂರು ಅಕ್ಷರಗಳಿವೆ. ಅವುಗಳಿಗೆ ಇನ್ನೊಂದಿಷ್ಟನ್ನು ಜೋಡಿಸಿ ಟ್ರೇಡ್‌ಮಾರ್ಕ್ ಮಾಡಿಕೊಂಡಿದ್ದಾರೆ. ಮಡಿಕೆಯ ಹತ್ತಿರ, ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಒಆರ್‌ಎಸ್ ಸೂತ್ರ ಇದಲ್ಲ ಎಂಬ ಒಂದು ಸಾಲು ಇಂಗ್ಲಿಷಿನಲ್ಲಿದೆ. ಹಿಂಬದಿಯ ಘಟಕಗಳ ಪಟ್ಟಿಯಲ್ಲಿ ನೀರಿನ ನಂತರ ಬರುವುದೇ ಸಕ್ಕರೆ. ಘಟಕಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂಬ ನಿಯಮವಿದೆ. ಅಂದರೆ ಪೊಟ್ಟಣದಲ್ಲಿ ನೀರು ಬಿಟ್ಟರೆ ಅತಿ ಹೆಚ್ಚು ಇರುವುದು ಸಕ್ಕರೆ. ಕೆಳಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಗುರುತು, ಅದರ ಪಕ್ಕದಲ್ಲಿ 14 ಅಂಕಿಗಳ ಪರವಾನಗಿ ಸಂಖ್ಯೆ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರವಿರುವುದು ಆ 14 ಅಂಕಿಗಳಲ್ಲಿ. ಅದು ಆಹಾರದ ಪರವಾನಗಿ. ನಿಜವಾದ ಒಆರ್‌ಎಸ್ ಔಷಧಿ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಕೆಳಗೆ ಬರುತ್ತದೆ. ಅದರ ಮೇಲೆ ‘ಓರಲ್ ರೀಹೈಡ್ರೇಶನ್ ಸಾಲ್ಟ್ಸ್’ ಎಂಬ ಪೂರ್ತಿ ಹೆಸರು, ಭಾರತೀಯ ಔಷಧಕೋಶವನ್ನು ಸೂಚಿಸುವ ಐ.ಪಿ. ಎಂಬ ಅಕ್ಷರಗಳು, ಔಷಧಿ ತಯಾರಿಕಾ ಪರವಾನಗಿಯ ಸಂಖ್ಯೆ ಇರುತ್ತವೆ. ಪೊಟ್ಟಣದ ಆಕಾರ ನೋಡಿ ತೀರ್ಮಾನಿಸಬೇಡಿ. ಔಷಧಿ ಪರವಾನಗಿಯ ಒಆರ್‌ಎಸ್ ದ್ರವರೂಪದಲ್ಲೂ ಸಿಗುತ್ತದೆ. ಔಷಧಿ ಅಂಗಡಿಯವರು ಬಿಸ್ಕತ್ತು, ಚಾಕಲೇಟು, ಶಾಂಪೂ ಎಲ್ಲವನ್ನೂ ಮಾರುತ್ತಾರೆ. ಆದರೆ ಭೇದಿಯಾದ ಮಗುವಿಗೆಂದು ಕೇಳಿದವರಿಗೆ ಬಿಸ್ಕತ್ತಿನ ಜಾತಿಗೆ ಸೇರಿದ ವಸ್ತುವನ್ನು ಔಷಧಿಯಂತೆ ಎತ್ತಿ ಕೊಡುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು.

ಸಕ್ಕರೆ ನೀರಿನಿಂದ ಭೇದಿ ಹೆಚ್ಚಾದದ್ದೇಕೆ? ಸಣ್ಣ ಕರುಳಿನ ಒಳಗೋಡೆ ಗ್ಲೂಕೋಸನ್ನೂ ಸೋಡಿಯಮ್ಮನ್ನೂ ಜೊತೆಯಾಗಿ ಹೀರಿಕೊಳ್ಳುತ್ತದೆ, ಅವುಗಳ ಬೆನ್ನಿಗೆ ನೀರೂ ಒಳಗೆ ಹೋಗುತ್ತದೆ. ಭೇದಿಯ ಸಮಯದಲ್ಲೂ ಈ ದಾರಿ ಮುಚ್ಚುವುದಿಲ್ಲ. ಒಆರ್‌ಎಸ್ ಕೆಲಸ ಮಾಡುವುದು ಇದರ ಬಲದಿಂದಲೇ. 2002ರಿಂದ ಬಳಕೆಯಲ್ಲಿರುವ ಸೂತ್ರದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತವೆ. ಒಟ್ಟು 20.5 ಗ್ರಾಂ. ಅಂಗಡಿಯ ಸಿಹಿ ಪಾನೀಯಗಳಲ್ಲಿ ಲೀಟರಿಗೆ 100 ಗ್ರಾಂ ಆಸುಪಾಸು ಸಕ್ಕರೆ ಇರುವುದು ಸಾಮಾನ್ಯ. ಕರುಳು ಹೀರಿಕೊಳ್ಳಲಾಗದೆ ಉಳಿದ ಸಕ್ಕರೆ ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ. ಮಗು ಕುಡಿಯುತ್ತದೆ, ಮಲ ಇನ್ನೂ ನೀರಾಗುತ್ತದೆ, ತಾಯಿ ಪಾಪ ಇನ್ನೊಂದು ಪೊಟ್ಟಣ ತರಿಸುತ್ತಾಳೆ.

ಈ ಅಳತೆಗಳಿಗೆ ಎಷ್ಟು ಬೆಲೆಯಿದೆ ಎಂಬುದು 1971ರಲ್ಲಿ ಬಂಗಾಳದ ಗಡಿಯಲ್ಲಿ ಗೊತ್ತಾಯಿತು. ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬನಗಾಂವಿನಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನೊಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾಗಳನ್ನು ತೂಗಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ ಡ್ರಮ್ಮುಗಳಲ್ಲಿ ಇಡಿಸಿದರು. ಕುಡಿಸಿದ್ದು ರೋಗಿಗಳ ಮನೆಯವರೇ. ಶೇ. 30ರ ಸುಮಾರಿಗಿದ್ದ ಸಾವು ಶೇ. 4ಕ್ಕಿಂತ ಕೆಳಕ್ಕೆ ಇಳಿಯಿತು. ಅವರು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. 2022ರಲ್ಲಿ ತೀರಿಕೊಂಡರು; ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಹಾಗೆ ಸಂಪಾದಿಸಿದ ನಂಬಿಕೆಯನ್ನು ಶರಬತ್ತಿನ ವ್ಯಾಪಾರಿಗಳು ಪುಕ್ಕಟೆಯಾಗಿ ಬಳಸಿಕೊಂಡರು.

ಇನ್ನು ಸರ್ಕಾರದ ಕಥೆ. 2022ರ ಏಪ್ರಿಲ್‌ನಲ್ಲಿ ಎಫ್‌ಎಸ್‌ಎಸ್‌ಎಐ ಇಂಥ ಪಾನೀಯಗಳ ಮೇಲೆ ಒಆರ್‌ಎಸ್ ಎಂಬ ಹೆಸರು ಕೂಡದು ಎಂದಿತು. ಜುಲೈನಲ್ಲಿ ತಾನೇ ಸಡಿಲಿಸಿತು: ಟ್ರೇಡ್‌ಮಾರ್ಕಿನ ಹಿಂದೆಯೋ ಮುಂದೆಯೋ ಆ ಅಕ್ಷರಗಳಿರಬಹುದು, ‘ಇದು ಆ ಸೂತ್ರವಲ್ಲ’ ಎಂಬ ಸಾಲು ಇದ್ದರೆ ಸಾಕು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಪತ್ರ ಬರೆದು, ತೆಲಂಗಾಣ ಹೈಕೋರ್ಟಿನ ಮೆಟ್ಟಿಲು ಹತ್ತಿ, ಎಲ್ಲರಿಗೂ ಕೇಳುವಂತೆ ಕೂಗಿದ ಮೇಲೆ 2025ರ ಅಕ್ಟೋಬರ್ 14ರಂದು ಆ ಸಡಿಲಿಕೆ ರದ್ದಾಯಿತು. ಕೂಡಲೇ ಒಂದು ಕಂಪನಿ ದೆಹಲಿ ಹೈಕೋರ್ಟಿಗೆ ಹೋಗಿ ತಾತ್ಕಾಲಿಕ ರಕ್ಷಣೆ ತಂದಿತು. ತಿಂಗಳ ಕೊನೆಗೆ ಇನ್ನೊಂದು ಕಂಪನಿಯ ಅರ್ಜಿ ಅಲ್ಲೇ ವಜಾ ಆಯಿತು. ನವೆಂಬರ್‌ನಲ್ಲಿ, ಅಂಗಡಿ ಮತ್ತು ಆನ್‌ಲೈನ್ ಮಳಿಗೆಗಳಿಂದ ಇವನ್ನು ತೆಗೆಸಿ ಎಂದು ರಾಜ್ಯಗಳಿಗೆ ಸೂಚನೆ ಹೋಯಿತು. ನಿಮ್ಮ ಪೊಟ್ಟಣ ತಯಾರಾದದ್ದು ಆದೇಶಕ್ಕೆ ಮುಂಚೆ, ಬಳಕೆಯ ಅವಧಿ ಇನ್ನೂ ಇದೆ. ದೆಹಲಿಯ ಆದೇಶ ವಿತರಕರ ಗೋದಾಮು ದಾಟಿ ಘಟ್ಟದ ಮೇಲಿನ ಅಂಗಡಿಯ ಶೆಲ್ಫಿಗೆ ತಲುಪಬೇಕಾದರೆ ಯಾರಾದರೂ ಹೋಗಿ ಅಲ್ಲಿಂದ ತೆಗೆಸಬೇಕು. ತಾನಾಗಿ ಅದು ನಡೆಯುವುದಿಲ್ಲ.

‘ಲೇಬಲ್ ಓದಿ’ ಎನ್ನುವುದನ್ನು ನಾವು ಬಿಡುವುದಿಲ್ಲ, ನೀವು ಛೇಡಿಸಿದರೂ. ಆದರೆ ಮುಂದೆ ದೊಡ್ಡಕ್ಷರದಲ್ಲಿ ಹೇಳಿದ್ದನ್ನು ಮಡಿಕೆಯಲ್ಲಿ ಸಣ್ಣಕ್ಷರದಲ್ಲಿ ಅಲ್ಲಗಳೆಯಲು ಬಿಡುವ ನಿಯಮ ಕೊಳ್ಳುವವರಿಗಾಗಿ ಬರೆದದ್ದಲ್ಲ. ಮುಂದೆ ಕೋರ್ಟಿನಲ್ಲಿ ‘ಹೇಳಿದ್ದೆವಲ್ಲ’ ಎನ್ನಲು ಬರೆದದ್ದು. ಒಆರ್‌ಎಸ್‌ನದಷ್ಟೇ ಮಾತಲ್ಲ. 2024ರಲ್ಲಿ ಹಣ್ಣಿನ ರಸದ ಪೊಟ್ಟಣಗಳಿಂದ ‘ಶೇ. 100 ಹಣ್ಣಿನ ರಸ’ ಎಂಬ ಸಾಲನ್ನು ತೆಗೆಸಬೇಕಾಯಿತು. ಎರಡರಲ್ಲೂ ಹಿಂಬದಿ ಸತ್ಯವನ್ನೇ ಹೇಳುತ್ತಿತ್ತು.

ಭಾಷೆಯ ವಿಷಯವನ್ನೂ ಹೇಳಬೇಕು. ಆಹಾರದ ಲೇಬಲ್ಲಿನ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇದ್ದರೆ ಕೇಂದ್ರದ ನಿಯಮಕ್ಕೆ ಸಾಕು. ಕನ್ನಡ ಇದ್ದರೆ ಅಡ್ಡಿಯಿಲ್ಲ, ಅಷ್ಟೇ. ಕರ್ನಾಟಕದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಕನ್ನಡ ಕೇಳುವುದು ಇಲ್ಲಿ ತಯಾರಾದ ಸರಕಿಗೆ. ನಿಮ್ಮ ಪೊಟ್ಟಣ ಹೊರರಾಜ್ಯದ್ದು. ನೀವು ಇಂಗ್ಲಿಷ್ ಬಲ್ಲವರು. ಬಾರದವರ ಪಾಲಿಗೆ ಆ ಎಚ್ಚರಿಕೆಯ ಸಾಲು ಇದ್ದೂ ಇಲ್ಲ.

ದೂರಿನ ವಿಚಾರ. ಇದು ಆಹಾರ ಪರವಾನಗಿಯ ವಸ್ತುವಾದ್ದರಿಂದ ಹೋಗಬೇಕಾದದ್ದು ನಿಮ್ಮ ಭಾಗದ ಆಹಾರ ಸುರಕ್ಷತಾ ಅಧಿಕಾರಿಯ ಬಳಿಗೆ. ಎಫ್‌ಎಸ್‌ಎಸ್‌ಎಐನ ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲೂ ದೂರು ದಾಖಲಿಸಬಹುದು. ಪೊಟ್ಟಣ, ಬಿಲ್ಲು ಎರಡನ್ನೂ ಎಸೆಯಬೇಡಿ. ಬ್ಯಾಚ್ ಸಂಖ್ಯೆ ಇಲ್ಲದ ದೂರು ಕಡತದಲ್ಲೇ ಮಲಗುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ತಪ್ಪು ಲೇಬಲ್ಲಿಗೆ 3 ಲಕ್ಷ ರೂಪಾಯಿವರೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡವಿದೆ. ಪ್ರಯೋಗಾಲಯಕ್ಕೆ ಕಳುಹಿಸುವ ಹಕ್ಕು ಗ್ರಾಹಕರಿಗೂ ಇದೆ, ಆದರೆ ಅದಕ್ಕೆ ದುಡ್ಡು ಕಟ್ಟಬೇಡಿ. ಹಿಂಬದಿಯಲ್ಲಿ ಬರೆದಷ್ಟೇ ಸಕ್ಕರೆ ಒಳಗೂ ಇದ್ದರೆ ವರದಿ ‘ಎಲ್ಲ ಸರಿ’ ಎಂದೇ ಬರುತ್ತದೆ. ನಿಮ್ಮ ತಕರಾರು ಹೆಸರಿನ ಮೇಲೆ ಇರಲಿ.

ಮುಂದೆ ಬೇಕಾದರೆ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ. ಒಆರ್‌ಎಸ್ ಪುಡಿಯನ್ನೂ ಸತುವಿನ ಮಾತ್ರೆಯನ್ನೂ ಪುಕ್ಕಟೆ ಕೊಡುತ್ತಾರೆ. ಪುಡಿಯ ಮೇಲೆ ಬರೆದಷ್ಟೇ ನೀರು ಹಾಕಿ. ರುಚಿಗೆಂದು ಸಕ್ಕರೆ ಸೇರಿಸಬೇಡಿ. ಮಗು ಮಂಕಾದರೆ, ಕುಡಿಯಲು ಒಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ನಡೆಯಿರಿ.

ಕಂಪನಿಯ ಹೆಸರನ್ನು ಈಗ ಅಚ್ಚು ಹಾಕುವುದಿಲ್ಲ. ಅಂಗಡಿಯವರ ಮಾತನ್ನೂ ಕಂಪನಿಯ ಮಾತನ್ನೂ ಇನ್ನೂ ಯಾರೂ ಕೇಳಿಲ್ಲ. ದೂರು ಕೊಟ್ಟು ಅದರ ಸಂಖ್ಯೆಯನ್ನು ನಮಗೆ ತಿಳಿಸಿ. ಅಧಿಕಾರಿಯ ಉತ್ತರ ಬಂದರೆ ಅದನ್ನು ಹೆಸರು ಸಮೇತ ಪ್ರಕಟಿಸುತ್ತೇವೆ. ಬಾರದಿದ್ದರೆ ಎಷ್ಟು ದಿನದಿಂದ ಬಂದಿಲ್ಲ ಎಂಬುದನ್ನು ಪ್ರಕಟಿಸುತ್ತೇವೆ.

– ಸಂಪಾದಕ