ಶಾಲು ಹೊದಿಸುವ ಮೊದಲು ಅವರನ್ನೊಮ್ಮೆ ಕೇಳಿ

ಜುಲೈ 26ರ ಕಾರ್ಗಿಲ್ ವಿಜಯ ದಿವಸ ಹತ್ತಿರ ಬಂತೆಂದರೆ ಮಾಜಿ ಸೈನಿಕರ ಮನೆಗಳಿಂದ ಆಪ್ತಸಮಾಲೋಚಕಿಯಾದ ನನಗೆ ಕರೆ ಬರುತ್ತದೆ. ಹೆಂಡತಿಯೋ ಮಗಳೋ ಮಾತಾಡುತ್ತಾರೆ, ಸೈನಿಕ ಮಾತಾಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಒಬ್ಬ ಮಾಜಿ ಸೈನಿಕರು ಧಾರವಾಡ ಸೀಮೆಯ ಹಳ್ಳಿಯವರು, ವಯಸ್ಸು 47. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನ ಬೆಟ್ಟಗಳ ಮೇಲಿದ್ದರು. 17 ವರ್ಷ ಸೇವೆ ಮುಗಿಸಿ ಬಂದು ಹೊಲ ನೋಡಿಕೊಂಡಿದ್ದಾರೆ. ನನ್ನ ಹತ್ತಿರ ಬಂದದ್ದು ಮಗನ ಕಾರಣಕ್ಕೆ. ಹುಡುಗ ಸೇನೆಯ ಅಗ್ನಿವೀರ ಭರ್ತಿಗೆಂದು ಬೆಳಿಗ್ಗೆ ಓಡಲು ಶುರು ಮಾಡಿದ್ದ. ಅಪ್ಪ ಅವನ ಬೂಟನ್ನು ಬಾವಿಗೆಸೆದು ಕೈ ಮಾಡಿದ್ದರು.

ಮೊದಲ ಎರಡು ಭೇಟಿಯಲ್ಲಿ ನಾನು ಯುದ್ಧದ ಬಗ್ಗೆ ಕೇಳಿದೆ. ತಪ್ಪು ಮಾಡಿದೆ. ದಿನಾಂಕ, ಬೆಟ್ಟದ ಎತ್ತರ, ಚಳಿ ಎಲ್ಲವನ್ನೂ ಒಪ್ಪಿಸಿದರು. ಸಭೆಗಳಲ್ಲಿ ಹೇಳಿ ಹೇಳಿ ಬಾಯಿಪಾಠವಾಗಿತ್ತು.

ಮೂರನೆಯ ಸಲ ಹೆಂಡತಿಯೂ ಕೂತಿದ್ದರು. ಮಗನ ಮಾತೇ ನಡೆದಿತ್ತು. ನಡುವೆ ಆಕೆ, "ಶಾಲು ಹಾಕಿಸ್ಕೊಂಡ ಬಂದ ರಾತ್ರಿ ಇವರು ಹಾಸಿಗಿಗೆ ಬರಂಗಿಲ್ರಿ ಮೇಡಂ. ಬೆಳಕು ಹರಿಯೂತನಕ ಕಟ್ಟಿ ಮ್ಯಾಲೆ ಕೂಡ್ತಾರ. ಟ್ರಂಕಿನ ತುಂಬ ಶಾಲು ಅದಾವು, ಒಂದೂ ಹೊದ್ದಿಲ್ಲ" ಎಂದರು.

ಅವರು ಬಹಳ ಹೊತ್ತು ಕೈ ನೋಡುತ್ತ ಕೂತರು. ಆಮೇಲೆ, "ದೋಸ್ತನ್ನ ಕೆಳಗ ಇಳಸೂ ಮುಂದ ನಾನ ಕಂಬಳಿ ಹೊದಿಸಿದ್ದೆರಿ. ಹೆಗಲ ಮ್ಯಾಲೆ ಶಾಲು ಬಿತ್ತಂದ್ರ ಅದ ಕಂಬಳಿ ಅನಸ್ತೈತಿ. ಮಂದಿ ಚಪ್ಪಾಳಿ ಹೊಡೀತಾರ" ಎಂದರು.

ಹೆಂಡತಿಗೂ ಇದು ಅಂದೇ ಗೊತ್ತಾದದ್ದು. ಮದುವೆಯಾಗಿ ಇಪ್ಪತ್ತು ವರ್ಷವಾಗಿತ್ತು.

ಮುಂದೇನಾಯಿತು ಎಂದು ನಾನು ಕೇಳಲಿಲ್ಲ. ಎಲ್ಲ ಹೇಳಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂದು ನಂಬಿದವರು ಬಹಳ. ತರಬೇತಿ ಪಡೆದ ವೈದ್ಯರ ಎದುರು, ತನಗೆ ಸಾಧ್ಯವಾದಷ್ಟೇ, ಹಂತ ಹಂತವಾಗಿ ಹೇಳಿದರೆ ಅದು ಚಿಕಿತ್ಸೆ. ಮೈಕ್ ಹಿಡಿಸಿ ಹೇಳಿಸಿದರೆ ಗಾಯ ಕೆದಕಿದಂತೆ.

ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ ಮೂಲಕ ಮನೋವೈದ್ಯರನ್ನು ಕಾಣಲು ಹೇಳಿದೆ. ನಿದ್ದೆಗೆಂದು ಕುಡಿಯುವ ಮಿಲಿಟರಿ ಕ್ಯಾಂಟೀನ್ ರಮ್ಮು ನಿದ್ದೆಯನ್ನೇ ಕೆಡಿಸುತ್ತದೆ ಎಂದು ತಿಳಿಸಿದೆ. ಮಗನಿಗೆ ಯುದ್ಧದ ಕಥೆ ಬೇಡ, ಕೈ ಎತ್ತಿದ್ದು ಸಿಟ್ಟಿನಿಂದಲ್ಲ, ಹೆದರಿಕೆಯಿಂದ ಎಂದಷ್ಟು ಹೇಳಿ ಎಂದೆ. ಆ ವರ್ಷ ಜುಲೈ 26ರ ಸನ್ಮಾನ ಒಪ್ಪಿಕೊಳ್ಳಬೇಡಿ ಎಂದೂ ಹೇಳಿದೆ.

ಈ ಕೊನೆಯ ಮಾತಿಗೆ ಊರಿನ ಹಿರಿಯರೊಬ್ಬರು ಫೋನ್ ಮಾಡಿ, "ದೇಶಕ್ಕ ಹೋರಾಡಿದವರಿಗೆ ಗೌರವ ಬ್ಯಾಡ ಅಂತೀರೇನು?" ಎಂದು ಸಿಟ್ಟಾದರು. ನಾನು ಹಾಗೆ ಅಂದಿಲ್ಲ. ಆ ಯುದ್ಧದಲ್ಲಿ ಮಡಿದ 527 ಯೋಧರನ್ನು ನೆನೆಯಲೇಬೇಕು. ಆದರೆ ಬದುಕಿ ಬಂದವರಿಗೆ ಅದೇ ವೇದಿಕೆಯ ಮೇಲೆ ಏನಾಗುತ್ತದೆಂದು ನೋಡುವುದೂ ಗೌರವವೇ. ನನ್ನ ಸಲಹೆಯನ್ನು ಇಂದಿಗೂ ಬದಲಿಸುವುದಿಲ್ಲ. ನಿಮ್ಮೂರಲ್ಲೂ ಸೈನಿಕರಿದ್ದರೆ ಸನ್ಮಾನಕ್ಕೆ ಮುಂಚೆ ಮನೆಗೆ ಹೋಗಿ, ಬೇಕೋ ಬೇಡವೋ ಕೇಳಿ. ಎಷ್ಟು ಮಂದಿಯನ್ನು ಹೊಡೆದಿರಿ ಎಂದು ಮಾತ್ರ ಕೇಳಬೇಡಿ. ಮನೆಯವರಿಗೆ ಕಷ್ಟವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಆ ವರ್ಷ ಅವರು ಸಭೆಯ ಹಿಂದಿನ ಸಾಲಿನಲ್ಲಿ ಮಗನ ಪಕ್ಕ ಕೂತು, ಅರ್ಧಕ್ಕೇ ಎದ್ದು ಬಂದರಂತೆ. ರಾತ್ರಿ ಸ್ವಲ್ಪ ಮಲಗಿದರಂತೆ. ಹುಡುಗ ಹೊಸ ಬೂಟು ತಂದಿದ್ದಾನೆ. ಅಪ್ಪ ಒಪ್ಪಿಲ್ಲ, ಎಸೆದೂ ಇಲ್ಲ.