ಜರ್ಮನಿಗೆ ಫಿಸಿಕ್ಸ್ ಓದಲು ಹೊರಟಿರುವ ಗೌರಿಬಿದನೂರಿನ ತಂಗಿಗೆ

ನೀನು ಕೇಳಿದ್ದು ಇಷ್ಟು: ಲೈಪ್‌ಜಿಗ್‌ನಲ್ಲಿ ಇಂಗ್ಲಿಷಿನಲ್ಲೇ ನಡೆಯುವ ಬಿಎಸ್ಸಿ ಫಿಸಿಕ್ಸ್‌ಗೆ ಸೀಟು ಸಿಕ್ಕಿದೆ, ಅಕ್ಟೋಬರ್‌ಗೆ ಕ್ಲಾಸು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ ಓದಿದವಳಿಗೆ ಕಷ್ಟ ಆಗುತ್ತಾ ಅಕ್ಕ? ಪಾರ್ಟ್‌ಟೈಮ್ ಕೆಲಸ ಮಾಡಬಹುದಾ? ಜರ್ಮನ್ ಬರಲೇಬೇಕಾ?

ನಾನು ಚಿಂತಾಮಣಿಯವಳು. ಫಿಸಿಕ್ಸ್ ಓದೋಕೆ ಅಂತಲೇ ಬಂದು ಇಲ್ಲೇ ಉಳಿದವಳು.

ಕನ್ನಡ ಮೀಡಿಯಂ ಚಿಂತೆ ಮೊದಲು ಬಿಡು. ನಿಮ್ಮ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಬಡವರ ಮನೆಯಿಂದ ಹೊರಟು ಅಮೆರಿಕದ ಒಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಡಾಕ್ಟರೇಟ್ ಮಾಡಿ ಬಂದರು. ಭಾಷೆ ತಾನಾಗೇ ಹಿಡಿತಕ್ಕೆ ಬರುತ್ತದೆ. ಬದಲಾಗಬೇಕಾದ್ದು ಓದುವ ರೀತಿ.

ಇಲ್ಲಿ ವಾರ ವಾರ ಲೆಕ್ಕದ ಹಾಳೆ ಕೊಡುತ್ತಾರೆ. ಯೂಬುಂಗ್ ಅಂತಾರೆ. ಇರೋದು ನಾಲ್ಕೈದು ಪ್ರಶ್ನೆ, ಆದರೆ ಒಂದೊಂದು ಇಡೀ ಸಂಜೆ ತಿನ್ನುತ್ತದೆ. ಸಾಮಾನ್ಯವಾಗಿ ಅದರಲ್ಲಿ ಅರ್ಧದಷ್ಟಾದರೂ ಅಂಕ ಬರದಿದ್ದರೆ ಪರೀಕ್ಷೆಗೇ ಕೂರಿಸಲ್ಲ. ಎಷ್ಟೋ ಕಡೆ ಬೋರ್ಡ್ ಮುಂದೆ ನಿಂತು ನಿನ್ನ ಲೆಕ್ಕ ನೀನೇ ಬಿಡಿಸಿ ಹೇಳಬೇಕು. ಬಾಯಿಪಾಠ ಅಲ್ಲಿ ನಿಲ್ಲಲ್ಲ. ಮೊದಲ ವಾರವೇ ಇಬ್ಬರು ಮೂವರನ್ನು ಜೊತೆ ಮಾಡಿಕೊಂಡು ಕೂರು. ನಮ್ಮ ಕಡೆ ಮಕ್ಕಳು ರೂಮಿನ ಬಾಗಿಲು ಹಾಕಿಕೊಂಡು ಒಬ್ಬರೇ ಒದ್ದಾಡುತ್ತಾರೆ, ಅರ್ಥ ಆಗಲಿಲ್ಲ ಅನ್ನೋಕೆ ಸಂಕೋಚ. ಆ ಸಂಕೋಚದಿಂದಲೇ ಓದು ಬಿಟ್ಟ ಜಾಣರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಲ್ಯಾಬ್ ಇನ್ನೊಂದು ಲೋಕ. ಪಿಯು ಲ್ಯಾಬ್‌ನಲ್ಲಿ ಪೆಂಡುಲಂ ತೂಗಿಸಿ, ಜಿ (ಭೂಮಿಯ ಸೆಳೆತದ ವೇಗೋತ್ಕರ್ಷ) ಬೆಲೆ 9.8 ಬರೋ ಹಾಗೆ ರೀಡಿಂಗ್ ಹೊಂದಿಸಿ ಬರೆಯುತ್ತಾರೆ ಅಲ್ವಾ? ಇಲ್ಲಿ ಸುಮ್ನೆ 9.8 ಅಂತ ಬರೆದರೆ ರೆಕಾರ್ಡ್ ವಾಪಸ್ ಬರುತ್ತದೆ. ಎಷ್ಟು ತಪ್ಪಿರಬಹುದು, ಯಾಕೆ ಅಂತ ಹೇಳಬೇಕು. ಒಂದು ಮೀಟರ್ ದಾರದ ಪೆಂಡುಲಂ ಹೋಗಿ ಬರಲು ಸುಮಾರು 2 ಸೆಕೆಂಡ್. ಸ್ಟಾಪ್‌ವಾಚ್ ಒತ್ತುವ ಬೆರಳು 0.2 ಸೆಕೆಂಡ್ ತಡ ಮಾಡಿದರೂ ಒಂದೇ ಸಲ ಅಳೆದಾಗ ಶೇಕಡ 10 ತಪ್ಪು. 20 ಸಲ ತೂಗಲು ಬಿಟ್ಟು ಒಟ್ಟಿಗೆ ಅಳೆದರೆ ಅದೇ ತಪ್ಪು ಶೇಕಡ 0.5ಕ್ಕೆ ಇಳಿಯುತ್ತದೆ. ಸೂತ್ರದಲ್ಲಿ ಸಮಯದ ವರ್ಗ ಇರುವುದರಿಂದ ಜಿ ಬೆಲೆಯಲ್ಲಿ ಅದು ಎರಡರಷ್ಟು, ಅಂದರೆ ಶೇಕಡ 1. ಹಾಗಾಗಿ 9.7, ಕೂಡಿಸು ಕಳೆ 0.1 ಅಂತ ಬಂದರೆ ಅದು ಒಳ್ಳೆಯ ಉತ್ತರ. ಹೊರಡೋ ಮುಂಚೆ ಮನೆಯಲ್ಲೇ ಒಂದು ಕಲ್ಲು ಕಟ್ಟಿ ಮಾಡಿ ನೋಡು. ಈ ಲೆಕ್ಕ ಮನಸ್ಸಿಗೆ ಇಳಿದ ದಿನ ಫಿಸಿಕ್ಸ್ ಎಷ್ಟು ಚೆಂದ ಅನ್ನಿಸುತ್ತದೆ, ನೋಡ್ತಿರು.

ಕೆಲಸದ ವಿಷಯ. ವರ್ಷಕ್ಕೆ 140 ಪೂರ್ತಿ ದಿನ ದುಡಿಯಲು ಕಾನೂನು ಬಿಡುತ್ತದೆ. ಆದರೂ ಮೊದಲ ಸೆಮಿಸ್ಟರ್ ಬೇಡ. ವೀಸಾಕ್ಕೆ ಅಂತ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಟ್ಟ ದುಡ್ಡು ತಿಂಗಳು ತಿಂಗಳು ಬರುತ್ತದಲ್ಲ, ಅದರಲ್ಲೇ ಹಿಡಿತವಾಗಿ ಸಾಗಿಸು. ಮುಂದೆ ಚೆನ್ನಾಗಿ ಓದಿದರೆ ಜೂನಿಯರ್‌ಗಳ ಹಾಳೆ ತಿದ್ದುವ ಕೆಲಸ ಡಿಪಾರ್ಟ್‌ಮೆಂಟ್‌ನಲ್ಲೇ ಸಿಗಬಹುದು. ಹೋಟೆಲ್‌ನಲ್ಲಿ ತಟ್ಟೆ ತೊಳೆಯುವುದಕ್ಕಿಂತ ಅದು ನಿನ್ನ ಓದಿಗೇ ಒಳ್ಳೆಯದು.

ಜರ್ಮನ್ ಬೇಕೇ ಬೇಕು. ಪಾಠ ಇಂಗ್ಲಿಷಿನಲ್ಲಿದ್ದರೂ ಡಾಕ್ಟರು, ಮನೆ ಓನರ್, ಆಫೀಸಿನ ಕಾಗದ ಎಲ್ಲ ಜರ್ಮನ್‌ನಲ್ಲೇ. ಮನೆ ಸೇರಿದ ಎರಡು ವಾರದೊಳಗೆ ಊರಿನ ಆಫೀಸಿನಲ್ಲಿ ವಿಳಾಸ ನೋಂದಾಯಿಸಬೇಕು, ಅದನ್ನು ಮರೀಬೇಡ.

ಮೊದಲ ಹಾಳೆ ಕೈಗೆ ಬಂದಾಗ ನನಗೆ ಬರೆ. ಉತ್ತರ ಹೇಳಿಕೊಡಲ್ಲ. ಎಲ್ಲಿ ಸಿಕ್ಕಿಕೊಂಡಿದ್ದೀಯ ಅಂತ ಇಬ್ಬರೂ ಕೂತು ಹುಡುಕೋಣ.