ಲೂಥರನ್ ಶಾಲೆಯ ಕೊನೆಯ ವರ್ಷ: ಮೊಮ್ಮಗ ಏನು ಮಾತನಾಡಲಿ?

ಪ್ರಶ್ನೆ: ಮಾನ್ಯರೇ, ನಾನು ಪೊನ್ನಂಪೇಟೆಯ ಬಳಿ ನೆಲೆಸಿರುವ ನಿವೃತ್ತ ಶಿಕ್ಷಕಿ. ಮಗಳ ಸಂಸಾರ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿದೆ. ಮೊಮ್ಮಗ ಅಲ್ಲಿನ ಒಂದು ಲೂಥರನ್ ಹೈಸ್ಕೂಲಿನಲ್ಲಿ ಕೊನೆಯ ವರ್ಷ ಓದುತ್ತಿದ್ದಾನೆ. ಮೇ ತಿಂಗಳಲ್ಲಿ ಶಾಲೆ ಬಿಟ್ಟು ಹೋಗುವ ಸೀನಿಯರ್‌ಗಳಲ್ಲಿ ಕೆಲವರು ಶಾಲೆಯ ಪ್ರಾರ್ಥನಾ ಸಭೆಯಲ್ಲಿ ತಮ್ಮ ನಾಲ್ಕು ವರ್ಷಗಳನ್ನು ನೆನೆದು ಮಾತನಾಡಬೇಕಂತೆ; ಅವರಲ್ಲಿ ಇವನೂ ಒಬ್ಬ. ಬರೆದದ್ದನ್ನು ಫೋನಿನಲ್ಲಿ ನನಗೆ ಓದಿ ಹೇಳಿದ. ಎಲ್ಲರಿಗೂ ವಂದನೆ ಇದೆ, ಆದರೆ ಅದರಲ್ಲಿ ಅವನೇ ಕಾಣಿಸುವುದಿಲ್ಲ. ‘ಅಜ್ಜಿ, ನಾನು ಕ್ರೈಸ್ತನಲ್ಲ, ಅವರೆದುರು ದೇವರ ವಿಷಯ ಏನು ಹೇಳಲಿ?’ ಎಂದೂ ಕೇಳುತ್ತಾನೆ. ಲೂಥರನ್ ಎಂದರೇನು, ಅದಕ್ಕೂ ಕೊಡಗಿಗೂ ಏನಾದರೂ ನಂಟಿದೆಯೇ, ಅವನಿಗೆ ನಾನು ಏನು ಹೇಳಬೇಕು ಎಂಬುದನ್ನು ತಿಳಿಸುವಿರಾ?

ಉತ್ತರ: ‘ಅದರಲ್ಲಿ ಅವನೇ ಕಾಣಿಸುವುದಿಲ್ಲ’ ಎಂದು ನೀವು ಗುರುತಿಸಿದ್ದೀರಿ, ಮೊಮ್ಮಗನಿಗೆ ಹೇಳಬೇಕಾದ ಮಾತು ಬಹುಪಾಲು ಅದೇ. ಆದರೂ ಆ ಶಾಲೆಯ ಹಿನ್ನೆಲೆಯನ್ನು ಮೊದಲು ವಿವರಿಸುತ್ತೇನೆ, ಏಕೆಂದರೆ ಅವನು ಬರೆಯಬೇಕಾದದ್ದಕ್ಕೆ ಬೇಕಾದ ಒಂದು ಎಳೆ ಆ ಹಿನ್ನೆಲೆಯಲ್ಲಿಯೇ ಇದೆ.

ಜರ್ಮನಿಯ ವಿಟ್ಟೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ಸನ್ಯಾಸಿ ಮಾರ್ಟಿನ್ ಲೂಥರ್, ಪಾಪದ ಶಿಕ್ಷೆಯಿಂದ ಬಿಡುಗಡೆ ನೀಡುವ ಪತ್ರಗಳನ್ನು ಹಣಕ್ಕೆ ಮಾರುವ ರೂಢಿಯನ್ನು ಪ್ರಶ್ನಿಸಿ 1517ರ ಅಕ್ಟೋಬರ್ 31ರಂದು 95 ವಾದಗಳನ್ನು ಮುಂದಿಟ್ಟರು. ಅವರ ಬೋಧನೆಯನ್ನು ಅನುಸರಿಸುವ ಕ್ರೈಸ್ತ ಸಭೆಗಳೇ, ಅಂದರೆ ಚರ್ಚುಗಳೇ, ಲೂಥರನ್ ಸಭೆಗಳು. ಶಾಲೆ ಎಂಬುದು ಈ ಪರಂಪರೆಗೆ ಆಮೇಲೆ ಸೇರಿಕೊಂಡ ವಿಷಯವಲ್ಲ. 1524ರಲ್ಲಿಯೇ ಲೂಥರ್ ಜರ್ಮನ್ ನಗರಗಳ ಆಡಳಿತಗಾರರಿಗೆ ಪತ್ರ ಬರೆದು, ಕೋಟೆಗೂ ರಸ್ತೆಗೂ ಹಣ ಸುರಿಯುವ ನೀವು ಮಕ್ಕಳ ಶಾಲೆಗೂ ಹಣ ಕೊಡಬೇಕೆಂದು ವಾದಿಸಿದರು. ಆ ವಾದದಲ್ಲಿ ಹೆಣ್ಣುಮಕ್ಕಳ ಶಾಲೆಯೂ ಸೇರಿತ್ತು. 1529ರಲ್ಲಿ ಮನೆಯ ಹಿರಿಯರು ಮಕ್ಕಳಿಗೆ ಕಲಿಸಲೆಂದು ಒಂದು ಚಿಕ್ಕ ಪ್ರಶ್ನೋತ್ತರ ಪುಸ್ತಕವನ್ನು ಬರೆದರು. ಹತ್ತು ಆಜ್ಞೆಗಳು, ವಿಶ್ವಾಸದ ವಚನ, ಕರ್ತನ ಪ್ರಾರ್ಥನೆ ಎಂದು ಸಾಗುವ ಆ ಪುಸ್ತಕದಲ್ಲಿ ಪ್ರತಿಯೊಂದು ಮಾತಿನ ನಂತರವೂ ‘ಇದರ ಅರ್ಥವೇನು?’ ಎಂಬ ಪ್ರಶ್ನೆ ಬರುತ್ತದೆ. ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಳ್ಳಿ.

ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಿಂದ 1838ರಲ್ಲಿ ಹಡಗು ಹತ್ತಿದ ಲೂಥರನ್ ವಲಸಿಗರು ಮುಂದಿನ ವರ್ಷ ಅಮೆರಿಕದ ಮಿಸೌರಿ ತಲುಪಿದರು; ತಾವಿನ್ನೂ ನೆಲೆ ನಿಲ್ಲುವ ಮೊದಲೇ, 1839ರಲ್ಲಿ, ಮರದ ದಿಮ್ಮಿಗಳ ಗುಡಿಸಲಿನಲ್ಲಿ ಶಾಲೆ ತೆರೆದರು. ನಿಮ್ಮ ಮೊಮ್ಮಗನಿರುವ ವಿಸ್ಕಾನ್ಸಿನ್‌ಗೂ ಜರ್ಮನ್ ವಲಸಿಗರು ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆಸಿದರು, ಅಲ್ಲಿನ ಮಿಲ್ವಾಕಿ ನಗರದಲ್ಲಿ 1903ರಲ್ಲಿ ಲೂಥರನ್ ಹೈಸ್ಕೂಲು ಆರಂಭವಾಯಿತು. ಇಂತಹ ಶಾಲೆಗಳಲ್ಲಿ 9ರಿಂದ 12ನೆಯ ತರಗತಿಯವರೆಗೆ ನಾಲ್ಕು ವರ್ಷಗಳ ಓದು. ಸೀನಿಯರ್ ಎಂಬ ಮಾತನ್ನು ನಾವು ಮೇಲಿನ ತರಗತಿಯವರಿಗೆಲ್ಲ ಬಳಸುತ್ತೇವೆ. ಅಲ್ಲಿ ಅದು 12ನೆಯ ತರಗತಿಯವರಿಗೆ ಮಾತ್ರ ಸಲ್ಲುವ ಹೆಸರು. ಗಣಿತ, ವಿಜ್ಞಾನಗಳ ಜೊತೆಗೆ ಧರ್ಮಬೋಧೆಯ ತರಗತಿ ಇರುತ್ತದೆ, ಇಡೀ ಶಾಲೆ ಒಟ್ಟಿಗೆ ಕೂರುವ ಪ್ರಾರ್ಥನಾ ಸಭೆ ಇರುತ್ತದೆ. ಬೇರೆ ಧರ್ಮದ ಮಕ್ಕಳನ್ನೂ ಅನೇಕ ಶಾಲೆಗಳು ಸೇರಿಸಿಕೊಳ್ಳುತ್ತವೆ.

ಕೊಡಗಿನ ನಂಟು ನೇರವಾದದ್ದಲ್ಲ, ಆದರೆ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನಲ್ಲಿ ಲೂಥರನ್ನರೂ ರಿಫಾರ್ಮ್ಡ್ ಎಂಬ ಇನ್ನೊಂದು ಪ್ರಾಟೆಸ್ಟಂಟ್ ಪಂಥದವರೂ ಒಟ್ಟಿಗೆ ದುಡಿಯುತ್ತಿದ್ದರು. ಆದ್ದರಿಂದ ಅದನ್ನು ಲೂಥರನ್ ಮಿಶನ್ ಎಂದುಬಿಡುವುದು ಸರಿಯಲ್ಲ. ಆದರೆ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಹೆರ್ಮನ್ ಮೋಗ್ಲಿಂಗ್ ಜರ್ಮನಿಯಲ್ಲಿ ಲೂಥರನ್ ಪರಂಪರೆಯ ವುರ್ಟೆಂಬರ್ಗ್ ಪ್ರಾಂತ್ಯದವರು, ಅಲ್ಲಿನ ಟ್ಯೂಬಿಂಗನ್‌ನಲ್ಲಿ ಓದಿದವರು. 1850ರ ದಶಕದಲ್ಲಿ ಅವರು ಕೊಡಗಿಗೆ ಬಂದು ನೆಲೆಸಿದರು. ಅಮ್ಮತ್ತಿ, ಸಿದ್ದಾಪುರದ ಕಡೆಯ ಆನಂದಪುರ ಆ ಕಾಲದಲ್ಲಿ ಕಟ್ಟಿದ ನೆಲೆ. ಅದೇ ಮಿಶನ್ನಿನ ಜಿ. ರಿಕ್ಟರ್ ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಸ್ಕೂಲಿನ ಮುಖ್ಯಸ್ಥರಾಗಿದ್ದರು, ಕೊಡಗಿನ ಶಾಲೆಗಳ ತನಿಖಾಧಿಕಾರಿಯೂ ಆಗಿದ್ದರು. ಅವರು ಬರೆದ ಕೊಡಗಿನ ಕೈಪಿಡಿ 1870ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮುಂದೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಓದಿದ್ದು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿಯೇ. ಜರ್ಮನಿಯಿಂದ ಹೊರಟ ಉಪಾಧ್ಯಾಯರು ಒಂದು ಕಡೆ ವಿಸ್ಕಾನ್ಸಿನ್‌ಗೂ ಇನ್ನೊಂದು ಕಡೆ ನಮ್ಮ ಬೆಟ್ಟಗಳಿಗೂ ಬಂದಿದ್ದರೆಂದು ಮೊಮ್ಮಗನಿಗೆ ತಿಳಿಸಿ. ಅಜ್ಜಿಯ ಊರಿಗೂ ತನ್ನ ಶಾಲೆಗೂ ಇಷ್ಟಾದರೂ ಗುರುತಿದೆ ಎಂದು ತಿಳಿದರೆ ಹುಡುಗನಿಗೆ ಧೈರ್ಯ ಬರುತ್ತದೆ.

ಇನ್ನು ಅವನ ಮಾತಿನ ವಿಷಯ. ಎಲ್ಲರಿಗೂ ವಂದನೆ ಹೇಳುವವನು ಯಾರನ್ನೂ ನಿಜವಾಗಿ ನೆನೆದಿರುವುದಿಲ್ಲ. ಕಠಿಣವಾದ ಮಾತೆನಿಸಿದರೂ ನನ್ನ ಅನುಭವ ಇದನ್ನೇ ಹೇಳುತ್ತದೆ. ನಾನು ಓದಿದ ಶಾಲೆಯ ಬೀಳ್ಕೊಡುಗೆಯ ದಿನ, ಕಾಫಿ ಹೂ ಬಿಟ್ಟು ಊರೆಲ್ಲ ಘಮಘಮಿಸುತ್ತಿದ್ದ ಹೊತ್ತಿನಲ್ಲಿ, ವಿದ್ಯಾರ್ಥಿಗಳ ಪರವಾಗಿ ಮಾತನಾಡಿದವನು ನಾನು. ಮುಖ್ಯೋಪಾಧ್ಯಾಯರಿಂದ ಆರಂಭಿಸಿ ಆಡಳಿತ ಮಂಡಳಿಯವರೆಗೆ ಎಲ್ಲರನ್ನೂ ಹೊಗಳಿದೆ. ಜೂನ್, ಜುಲೈ ತಿಂಗಳ ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಮೈಲಿಗಟ್ಟಲೆ ನಡೆದು ಬರುತ್ತಿದ್ದ ನಮಗಾಗಿ, ತನ್ನ ಕೋಣೆಯಲ್ಲಿ ಬೆಂಕಿ ಹಾಕಿ ಒದ್ದೆ ಬಟ್ಟೆ ಆರಿಸಿಕೊಡುತ್ತಿದ್ದ ಜವಾನರ ಹೆಸರು ಮಾತ್ರ ನನ್ನ ಬಾಯಿಗೆ ಬರಲಿಲ್ಲ. ಅವರು ಬಾಗಿಲ ಬಳಿ ನಿಂತು ಕೊನೆಯವರೆಗೂ ಕೇಳಿದರು. ಕೆಲವು ವರ್ಷಗಳ ನಂತರ ನಾನು ಹುಡುಕಿಕೊಂಡು ಹೋದಾಗ ಅವರು ತೀರಿಕೊಂಡಿದ್ದರು. ಆ ಭಾಷಣದ ಒಂದು ವಾಕ್ಯವೂ ಈಗ ನನಗೆ ನೆನಪಿಲ್ಲ. ಆ ಬೆಂಕಿಯ ಮುಂದೆ ಹಬೆಯಾಡುತ್ತಿದ್ದ ಅಂಗಿಗಳು ಕಣ್ಣಿಗೆ ಕಟ್ಟಿದಂತಿವೆ.

ಆದ್ದರಿಂದ ಮೊಮ್ಮಗನಿಗೆ ಹೀಗೆ ಹೇಳಿ: ವಂದನೆಯ ಪಟ್ಟಿಯನ್ನು ಪಕ್ಕಕ್ಕಿಟ್ಟು, ನಾಲ್ಕು ವರ್ಷಗಳಲ್ಲಿ ತನಗೆ ನಿಜವಾಗಿ ಆದದ್ದರಲ್ಲಿ ಎರಡನ್ನೋ ಮೂರನ್ನೋ ಆರಿಸಿಕೊಳ್ಳಲಿ. ಊಟದ ಕೋಣೆಯಲ್ಲಿ ಮೊದಲ ದಿನ ಪಕ್ಕದಲ್ಲಿ ಜಾಗ ಕೊಟ್ಟವರು ಯಾರು? ಹಿಮ ಬೀಳುವಾಗ ಬಸ್ಸಿನ ಚಾಲಕರು ಎಂದಾದರೂ ಕಾದು ನಿಂತಿದ್ದರೇ? ತಾನು ಯಾರನ್ನಾದರೂ ನೋಯಿಸಿ ಕ್ಷಮೆ ಕೇಳದೆ ಉಳಿದಿದ್ದಾನೆಯೇ? ಹಾಗೆ ಆರಿಸಿದ ಪ್ರತಿಯೊಂದು ಪ್ರಸಂಗವನ್ನು ಬರೆದ ನಂತರ, ಅವನ ಶಾಲೆಯ ಆ ಹಳೆಯ ಪುಸ್ತಕದ ಪ್ರಶ್ನೆಯನ್ನೇ ತನಗೆ ಕೇಳಿಕೊಳ್ಳಲಿ: ಇದರ ಅರ್ಥವೇನು? ಉತ್ತರ ಒಂದೇ ವಾಕ್ಯವಾದರೂ ಸಾಕು, ಆದರೆ ಅದು ಅವನದ್ದೇ ಆಗಿರಬೇಕು. ಧರ್ಮಬೋಧೆಯ ತರಗತಿಯಲ್ಲಿ ಆ ಪ್ರಶ್ನೆಯನ್ನು ಕೇಳುತ್ತ ಬೆಳೆದ ಅವನ ಸಹಪಾಠಿಗಳಿಗೆ ಅದು ಕೂಡಲೇ ಅರ್ಥವಾಗುತ್ತದೆ.

ದೇವರ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ತನ್ನಲ್ಲಿಲ್ಲದ ವಿಶ್ವಾಸವನ್ನು ಇದೆ ಎಂದು ಅವನು ಹೇಳಬಾರದು. ಎಲ್ಲ ಧರ್ಮಗಳೂ ಒಂದೇ ಎಂಬ ಸುಲಭದ ಮಾತಿನಲ್ಲಿ ಜಾರಿಕೊಳ್ಳಲೂಬಾರದು. ಅವರ ವಿಶ್ವಾಸ ಅವರಿಗೆ ಜೀವದಷ್ಟು ಮುಖ್ಯವಾದದ್ದು, ಅದನ್ನು ನಮ್ಮದರ ಜೊತೆ ಕಲಸಿಬಿಡುವುದು ಗೌರವವಲ್ಲ. ನಾಲ್ಕು ವರ್ಷ ಆ ಪ್ರಾರ್ಥನಾ ಸಭೆಯಲ್ಲಿ ಕುಳಿತಾಗ ಅವನು ಏನು ಮಾಡುತ್ತಿದ್ದ ಎಂಬುದನ್ನು ಹೇಳಲಿ. ಎಲ್ಲರೂ ತಲೆ ಬಾಗಿಸಿದಾಗ ಅವನಿಗೆ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ನೆಲ್ಲಕ್ಕಿಯ (ನಡುಮನೆಯ) ದೀಪ ನೆನಪಾಗುತ್ತಿತ್ತೇ, ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಿನ ‘ಪೊಲಿ ಪೊಲಿ ದೇವಾ’ ಎಂಬ ಕೂಗು ನೆನಪಾಗುತ್ತಿತ್ತೇ, ಅಥವಾ ಮುಂದಿನ ಪಿರಿಯಡ್ಡಿನ ಪರೀಕ್ಷೆಯ ಚಿಂತೆಯಿತ್ತೇ? ಯಾವುದಿದ್ದರೂ ಅದನ್ನೇ ಹೇಳಲಿ. ತಾನು ಬೇರೆ ಮನೆಯಿಂದ ಬಂದವನಾಗಿದ್ದರೂ ಆ ಬೆಂಚಿನಲ್ಲಿ ತನಗೆ ಜಾಗವಿತ್ತು ಎಂದು ಅವನಿಗೆ ನಿಜವಾಗಿ ಅನ್ನಿಸಿದ್ದರೆ, ಶಾಲೆಗೆ ಅದಕ್ಕಿಂತ ದೊಡ್ಡ ವಂದನೆಯಿಲ್ಲ. ಹಾಗೆ ಅನ್ನಿಸದ ದಿನಗಳಿದ್ದರೆ ಅವನ್ನೂ, ಯಾರನ್ನೂ ದೂರದೆ, ಮೆದುವಾಗಿ ಹೇಳಬಹುದು.

ಪ್ರಶ್ನೆ: ವಿರಾಜಪೇಟೆಯ ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಅಧ್ಯಾಪಕ. ಹತ್ತನೆಯ ತರಗತಿಯ ಬೀಳ್ಕೊಡುಗೆಯಲ್ಲಿ ಮಕ್ಕಳು ಪ್ರತಿ ವರ್ಷವೂ ಒಂದೇ ಭಾಷಣವನ್ನು ಒಪ್ಪಿಸುತ್ತಾರೆ. ಅಮೆರಿಕದ ಕೆಲವು ಕ್ರೈಸ್ತ ಶಾಲೆಗಳಲ್ಲಿ ಹೊರಹೋಗುವ ಮಕ್ಕಳು ತಮ್ಮ ವರ್ಷಗಳನ್ನು ತಾವೇ ನೆನೆದು ಬರೆಯುತ್ತಾರೆಂದು ಕೇಳಿದ್ದೇನೆ. ನಮ್ಮಲ್ಲಿಯೂ ಅದು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ, ಮೇಲಿನ ಉತ್ತರದ ಹೆಚ್ಚಿನ ಭಾಗ ನಿಮಗೂ ಅನ್ವಯಿಸುತ್ತದೆ. ಪರೀಕ್ಷೆಯ ಭಯ ಏರುವ ಮುನ್ನ, ಜನವರಿಯಲ್ಲಿಯೇ ಬರೆಸಿ. ‘ನನ್ನ ಶಾಲೆ’ ಎಂಬ ಶೀರ್ಷಿಕೆಯನ್ನು ಕೊಡಬೇಡಿ. ಕೊಟ್ಟರೆ ಮತ್ತೆ ಗೈಡಿನ ಪ್ರಬಂಧವೇ ಬರುತ್ತದೆ. ‘ನೀನು ಎಂಟನೆಯ ತರಗತಿಗೆ ಸೇರಿದ ದಿನ ನಿನ್ನೊಡನೆ ಮೊದಲು ಮಾತನಾಡಿದವರು ಯಾರು?’ ಎಂದು ಕೇಳಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಅಥವಾ ಯರವರ ನುಡಿಯಾಡುವ ಮಕ್ಕಳು ಅಂದು ಕೇಳಿದ ಮಾತನ್ನು ಕೇಳಿದ ಭಾಷೆಯಲ್ಲಿಯೇ, ಕನ್ನಡ ಲಿಪಿಯಲ್ಲಿ ಬರೆಯಲಿ. ಬಹುಮಾನ ಇಡಬೇಡಿ, ಇಟ್ಟ ಕೂಡಲೇ ಮಕ್ಕಳು ತೀರ್ಪುಗಾರರಿಗಾಗಿ ಬರೆಯುತ್ತಾರೆ. ಬರೆದದ್ದನ್ನು ವೇದಿಕೆಯ ಅತಿಥಿಗಳ ಮುಂದೆ ಓದಿಸುವುದಕ್ಕಿಂತ, ಆಗಷ್ಟೇ ಶಾಲೆಗೆ ಹೊಂದಿಕೊಳ್ಳುತ್ತಿರುವ ಎಂಟನೆಯ ತರಗತಿಯ ಕೋಣೆಗೆ ಹೋಗಿ ಓದಿಸಿ. ಮುಂದೆ ಹೊಸಬರೊಡನೆ ಮೊದಲು ಮಾತನಾಡಿ ಆ ಪ್ರಶ್ನೆಗೆ ಉತ್ತರವಾಗಬಲ್ಲವರು ಅಲ್ಲಿಯೇ ಕುಳಿತಿರುತ್ತಾರೆ.